ಕಣ್ಣಿಗೆ ಕಾಣದ ಬೆಳಕಿನಲ್ಲಿ ನಮ್ಮೂರು

ಸಿಂದಗಿಯಲ್ಲಿ ಹಿಮ ಬಿದ್ದಿತೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ, ಎರೆಯ ನೆಲ ಬಿರಿದು ಬಾಯ್ದೆರೆದು ನಿಲ್ಲುವ ಸೀಮೆ ನಮ್ಮದು. ನಮ್ಮಲ್ಲಿ ಮಂಜು ಬೀಳುವುದೆಂದರೆ ಧನುರ್ಮಾಸದ ಮುಂಜಾವಿನಲ್ಲಿ ಜೋಳದ ಗರಿಯ ಮೇಲೆ ನಿಂತ ನಾಲ್ಕು ಹನಿ ಇಬ್ಬನಿ. ಹೊತ್ತೇರುವುದರೊಳಗಾಗಿ ಅದೂ ಮಾಯ. ಆದರೂ ಈಗ ನನ್ನ ಮೇಜಿನ ಮೇಲೆ ಒಂದು ಛಾಯಾಚಿತ್ರವಿದೆ. ಅದರಲ್ಲಿ ಆಕಾಶ ಕಾಡಿಗೆಯಂತೆ ಕಪ್ಪು. ಬೇವಿನ ಮರಗಳು ಹಿಮ ಹೊತ್ತು ಬಾಗಿದಂತೆ ಬೆಳ್ಳಗೆ ನಿಂತಿವೆ. ಕಣ್ಣಳತೆಗೆ ಮೀರಿ ಹಬ್ಬಿದ ಹೊಲವೆಲ್ಲ ಹಾಲು ಚೆಲ್ಲಿದಂತಿದೆ. ಇದನ್ನು ನೋಡಿದ ನನ್ನ ಸಹೋದ್ಯೋಗಿಗಳೊಬ್ಬರು, "ಕಾಶ್ಮೀರಕ್ಕೆ ಯಾವಾಗ ಹೋಗಿದ್ದಿರಿ?" ಎಂದು ಕೇಳಿದರು. "ಕಾಶ್ಮೀರವಲ್ಲ, ಸಿಂದಗಿ, ಆಲಮೇಲದ ರಸ್ತೆಗೆ ಊರು ದಾಟಿದರೆ ಸಿಗುತ್ತದೆ" ಎಂದಾಗ ಅವರು ನಂಬಲಿಲ್ಲ.

ಈ ಚಿತ್ರದಲ್ಲಿ ಕೈಚಳಕವೇನೂ ಇಲ್ಲ. ಬಣ್ಣ ಹಚ್ಚಿದ್ದಲ್ಲ, ಗಣಕದಲ್ಲಿ ತಿದ್ದಿ ಬೆಳ್ಳಗೆ ಮಾಡಿದ್ದಲ್ಲ. ನಾವು ನೀವು ಕಾಣುವ ಬೆಳಕನ್ನು ತಡೆದು, ನಮಗಾರಿಗೂ ಕಾಣದ ಇನ್ನೊಂದು ಬೆಳಕನ್ನಷ್ಟೆ ಒಳಗೆ ಬಿಟ್ಟುಕೊಂಡು ತೆಗೆದ ಚಿತ್ರವಿದು. ಆ ಬೆಳಕಿಗೆ ಅವಗೆಂಪು ಎಂದು ಹೆಸರು. ಕಳೆದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದಾಗ ಒಂದು ಹಳೆಯ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು, ಚಳಿಗಾಲದ ಎರಡು ದಿನ ಊರ ಸುತ್ತ ಅಲೆದಾಗ ದೊರೆತ ಹತ್ತಾರು ಚಿತ್ರಗಳಲ್ಲಿ ಇದೂ ಒಂದು. ಚಿತ್ರದ ನಟ್ಟನಡುವೆ, ಆ ಬಿಳುಪಿನ ಮಧ್ಯೆ, ಕತ್ತರಿಸಿ ತೆಗೆದಂತೆ ಒಂದು ಕಪ್ಪು ಚೌಕವಿದೆ. ಅದರ ಮಾತನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಕಾಣದ ಬೆಳಕಿನ ಕಥೆಯನ್ನು ಕೇಳಬೇಕು.

ಕೆಂಪಿನ ಆಚೆಗೆ

ಸೂರ್ಯನ ಬೆಳಕು ಒಂದೇ ಬಣ್ಣದ್ದಲ್ಲ, ಅದನ್ನು ಅಶ್ರಗದ ಮೂಲಕ ಹಾಯಿಸಿದರೆ ನೇರಳೆಯಿಂದ ಕೆಂಪಿನವರೆಗೆ ಏಳು ಬಣ್ಣಗಳಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬೆಳಕು ಕೆಂಪಿಗೆ ಮುಗಿಯುವುದಿಲ್ಲ ಎಂಬುದು ಗೊತ್ತಾದದ್ದು 1800ರಲ್ಲಿ. ಗೊತ್ತುಮಾಡಿದವನು ವಿಲಿಯಂ ಹರ್ಷೆಲ್. ಈತ ಮೂಲತಃ ಸಂಗೀತಗಾರ. ಹೊಟ್ಟೆಗೆ ವಾದ್ಯ, ಮನಸ್ಸಿಗೆ ನಕ್ಷತ್ರ ಎಂದು ಬಾಳಿದವನು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಜಗತ್ಪ್ರಸಿದ್ಧನಾದ. ಸೂರ್ಯನನ್ನು ದೂರದರ್ಶಕದಲ್ಲಿ ನೋಡಲು ಬಣ್ಣದ ಗಾಜುಗಳನ್ನು ಬಳಸುವಾಗ, ಒಂದು ಗಾಜಿನಲ್ಲಿ ಬೆಳಕು ಕಡಿಮೆಯಾದರೂ ಕಣ್ಣಿಗೆ ಬಿಸಿ ತಟ್ಟುತ್ತದೆ, ಇನ್ನೊಂದರಲ್ಲಿ ಬೆಳಕು ಹೆಚ್ಚಾದರೂ ಬಿಸಿಯಿಲ್ಲ, ಇದೇಕೆ ಎಂಬ ಸಂದೇಹ ಅವನಿಗೆ ಹುಟ್ಟಿತು. ಅಶ್ರಗದಿಂದ ಬಿಚ್ಚಿದ ಬಣ್ಣಗಳ ಪಟ್ಟಿಯನ್ನು ಮೇಜಿನ ಮೇಲೆ ಕೆಡವಿ, ಬುರುಡೆಗೆ ಕಪ್ಪು ಬಳಿದ ಉಷ್ಣಮಾಪಕಗಳನ್ನು ಒಂದೊಂದು ಬಣ್ಣದಲ್ಲಿಟ್ಟು ಅಳೆದ. ನೇರಳೆಯಿಂದ ಕೆಂಪಿನ ಕಡೆಗೆ ಸರಿದಂತೆ ಬಿಸಿ ಏರುತ್ತ ಹೋಯಿತು. ಕೆಂಪನ್ನೂ ದಾಟಿ, ಏನೂ ಬೆಳಕಿಲ್ಲದ ಕತ್ತಲಲ್ಲಿ ಇಟ್ಟ ಉಷ್ಣಮಾಪಕದಲ್ಲಿ ಪಾದರಸ ಇನ್ನೂ ಮೇಲಕ್ಕೇರಿತು. ಅಲ್ಲಿ ಕಣ್ಣಿಗೆ ಏನೂ ಇಲ್ಲ; ಆದರೆ ಏನೋ ಇದೆ! ವಿಜ್ಞಾನದ ಇತಿಹಾಸದಲ್ಲಿ ಇದೊಂದು ದೊಡ್ಡ ಗಳಿಗೆ. ಮನುಷ್ಯನ ಕಣ್ಣೇ ಜಗತ್ತಿನ ಎಲ್ಲೆಯಲ್ಲವೆಂದು ಅಂದು ಒಂದು ಸಾಧಾರಣ ಉಷ್ಣಮಾಪಕ ಸಾಕ್ಷಿ ನುಡಿಯಿತು.

ಅಳತೆಯ ಮಾತಿನಲ್ಲಿ ಹೇಳುವುದಾದರೆ ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಒಂದು ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. 700ರ ಆಚೆಗಿನದೆಲ್ಲ ಅವಗೆಂಪು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅವಗೆಂಪು ಛಾಯಾಚಿತ್ರವೆಂದರೆ ಶಾಖದ ಚಿತ್ರವೆಂದು ಅನೇಕರು ಭಾವಿಸುತ್ತಾರೆ. ನಮ್ಮ ಮೈ, ಗೋಡೆ, ದನಕರು ತಾವಾಗಿ ಹೊರಸೂಸುವ ಕಿರಣಗಳ ಅಲೆಯುದ್ದ ಸುಮಾರು 10,000 ನ್ಯಾನೊಮೀಟರಿನಷ್ಟು; ಅದನ್ನು ಹಿಡಿಯಲು ಬೇರೆಯೇ ಯಂತ್ರ ಬೇಕು. ಸಾಧಾರಣ ಕ್ಯಾಮೆರಾ ಹಿಡಿಯುವುದು ಕೆಂಪಿನ ನೆರೆಮನೆಯಂತಿರುವ, 700ರಿಂದ 1,000ದ ಆಸುಪಾಸಿನ ಬೆಳಕನ್ನು ಮಾತ್ರ. ಇದು ಸೂರ್ಯನಿಂದಲೇ ಬಂದು, ವಸ್ತುಗಳ ಮೇಲೆ ಬಿದ್ದು, ಪುಟಿದು ಬರುವ ಬೆಳಕು. ಆದುದರಿಂದ ಬಿಸಿಲಿಲ್ಲದೆ ಈ ಚಿತ್ರವಿಲ್ಲ.

ಈ ಬೆಳಕಿನಲ್ಲಿ ಮೊದಲು ನಿಸರ್ಗದ ಚಿತ್ರಗಳನ್ನು ತೆಗೆದು ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ಆತನ ಚಿತ್ರಗಳು 1910ರಲ್ಲಿ ಲಂಡನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದವು. ಕಪ್ಪು ಆಕಾಶದ ಕೆಳಗೆ ಬಿಳಿಯ ಮರಗಳನ್ನು ಕಂಡು ಓದುಗರು ಬೆರಗಾದರು. ಎಲೆಗಳು ಹೀಗೆ ಬೆಳಗುವುದಕ್ಕೆ ಇಂದಿಗೂ 'ವುಡ್ ಪರಿಣಾಮ'ವೆಂದೇ ಹೆಸರು. ಇಂಗ್ಲಿಷಿನಲ್ಲಿ ವುಡ್ ಎಂದರೆ ಕಟ್ಟಿಗೆಯಾದುದರಿಂದ, ಗಿಡಮರಗಳ ಕಾರಣದಿಂದ ಈ ಹೆಸರು ಬಂದಿತೆಂದು ತಿಳಿಯುವವರುಂಟು. ಹಾಗಲ್ಲ, ಅದು ಮನುಷ್ಯನ ಹೆಸರು.

ಎಲೆ ಬೆಳ್ಳಗಾಗುವುದೇಕೆ?

ಎಲೆ ಹಸಿರಾಗಿ ಕಾಣುವುದು ಅದರೊಳಗಿನ ಪತ್ರಹರಿತ್ತಿನಿಂದ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ನುಂಗಿ ಅದರಿಂದ ಗಿಡಕ್ಕೆ ಅಡಿಗೆ ಮಾಡುತ್ತದೆ. ಬೇಡವಾದ ಹಸಿರಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಹಾಗೆ ಹಿಂದಿರುಗುವ ಹಸಿರು ಕೂಡ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ. ಆದರೆ 700 ನ್ಯಾನೊಮೀಟರ್ ದಾಟಿದ ಕೂಡಲೆ ಪತ್ರಹರಿತ್ತು ತನ್ನ ಬಾಯಿ ಮುಚ್ಚಿಬಿಡುತ್ತದೆ. ಅವಗೆಂಪಿನ ಮಟ್ಟಿಗೆ ಅದು ಗಾಜಿನಂತೆ ಪಾರದರ್ಶಕ. ಬೆಳಕು ಎಲೆಯೊಳಗೆ ನುಗ್ಗುತ್ತದೆ; ಅಲ್ಲಿ ಸ್ಪಂಜಿನಂತಹ ಜೀವಕೋಶಗಳ ಮತ್ತು ಅವುಗಳ ನಡುವಿನ ಗಾಳಿಯ ಸಂದುಗಳ ಗೋಡೆಗಳಿಗೆ ತಾಕಿ ಅತ್ತಿತ್ತ ಚೆದರಿ, ಅರ್ಧಕ್ಕರ್ಧ ಹೊರಕ್ಕೆ ಮರಳುತ್ತದೆ. ಹಿಮವಾಗಲಿ, ಸಕ್ಕರೆಯ ರಾಶಿಯಾಗಲಿ ಬೆಳ್ಳಗೆ ಕಾಣುವುದೂ ಇದೇ ಬಗೆಯ ಚೆದರಿಕೆಯಿಂದ. ಬಿಡಿ ಸಕ್ಕರೆಯ ಹರಳು ಪಾರದರ್ಶಕ; ರಾಶಿ ಮಾತ್ರ ಬಿಳಿ. ಹಾಗೆ ನೋಡಿದರೆ ಚಿತ್ರದಲ್ಲಿ ಹಿಮವನ್ನು ಕಂಡ ನನ್ನ ಸಹೋದ್ಯೋಗಿ ಪೂರ್ತಿ ತಪ್ಪಿದವರಲ್ಲ.

ಆಕಾಶ ಕಪ್ಪಾಗುವುದಕ್ಕೂ ಕಾರಣ ಸುಲಭವಾಗಿದೆ. ವಾಯುವಿನ ಕಣಗಳು ಗಿಡ್ಡ ಅಲೆಗಳನ್ನು ಹೆಚ್ಚು ಚೆದರಿಸುತ್ತವೆ, ಉದ್ದ ಅಲೆಗಳನ್ನು ಬಹಳ ಕಡಿಮೆ. ನೀಲಿ ಚೆದರಿ ಆಕಾಶ ನೀಲಿಯಾಗುತ್ತದೆ. ಅವಗೆಂಪು ಚೆದರದೆ ನೇರವಾಗಿ ಸಾಗುವುದರಿಂದ ಆ ಬೆಳಕಿನಲ್ಲಿ ಆಕಾಶದಿಂದ ಬರುವುದು ಬಹು ಅಲ್ಪ. ನೀರೋ, ಅವಗೆಂಪನ್ನು ಕುಡಿದುಬಿಡುತ್ತದೆ. ಕೆರೆ ಬಾವಿಗಳು ಚಿತ್ರದಲ್ಲಿ ಮಸಿಯ ಕುಡಿಕೆಗಳಾಗುತ್ತವೆ.

ಇಂಗ್ಲೆಂಡು ಮುಂತಾದ ಶೀತದೇಶಗಳಲ್ಲಿ ಚಳಿಗಾಲವೆಂದರೆ ಗಿಡಗಳು ಎಲೆಯುದುರಿಸಿ ಬರಿಯ ಕಡ್ಡಿಗಳಾಗಿ ನಿಲ್ಲುವ ಕಾಲ. ಅಲ್ಲಿ ಅವಗೆಂಪಿನ ಛಾಯಾಚಿತ್ರಕ್ಕೆ ಬೇಸಿಗೆಯೇ ಶ್ರೇಷ್ಠ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ವಿಜಯಪುರ ಜಿಲ್ಲೆಯ ಎರೆಯ ಭೂಮಿ ಹಸಿರಿನಿಂದ ತುಂಬಿ ನಿಲ್ಲುವುದು ಹಿಂಗಾರಿಯ ಬೆಳೆಯಲ್ಲಿ. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ಕರಿಯ ಮಣ್ಣು, ಮಳೆ ಹೋದ ಮೇಲೆ ಆ ತೇವವನ್ನು ಹನಿಹನಿಯಾಗಿ ಬಿಳಿಜೋಳಕ್ಕೆ, ಕಡಲೆಗೆ, ಕುಸುಬೆಗೆ, ಗೋಧಿಗೆ ಕೊಡುತ್ತದೆ. ಡಿಸೆಂಬರದ ಕೊನೆಗೆ ಆಕಾಶ ನಿರ್ಮಲ. ನಡುಹಗಲಿನಲ್ಲಿಯೂ ಸೂರ್ಯ ಸುಮಾರು 50 ಡಿಗ್ರಿಗಿಂತ ಮೇಲೇರುವುದಿಲ್ಲವಾದ್ದರಿಂದ ನೆರಳುಗಳು ನೀಳವಾಗಿ, ಬೆಳಕು ಓರೆಯಾಗಿ ಬೀಳುತ್ತದೆ. ಚಿತ್ರಕಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಹಳೆಯ ಕ್ಯಾಮೆರಾದ ಹೊಸ ಉದ್ಯೋಗ

ಮೊದಲು ಇದಕ್ಕಾಗಿ ವಿಶೇಷ ಫಿಲ್ಮು ದೊರೆಯುತ್ತಿತ್ತು. ಅದನ್ನು ಕತ್ತಲೆಯಲ್ಲಿಯೇ ಕ್ಯಾಮೆರಾಕ್ಕೆ ತುಂಬಬೇಕು, ತಂಪಿನಲ್ಲಿ ಕಾಪಾಡಬೇಕು. ಕೋಡಕ್ ಸಂಸ್ಥೆಯ ಹೆಸರುವಾಸಿಯಾದ ಅವಗೆಂಪು ಫಿಲ್ಮು 2007ರಲ್ಲಿ ನಿಂತುಹೋಯಿತು. ಆದರೆ ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಬಿಲ್ಲೆ ತಾನಾಗಿಯೇ ಅವಗೆಂಪನ್ನು ಬಲ್ಲದು. ಎಷ್ಟು ಬಲ್ಲದೆಂದರೆ, ಬಣ್ಣಗಳು ಕೆಡದಿರಲೆಂದು ತಯಾರಕರು ಅದರ ಮುಂದೆ ಅವಗೆಂಪನ್ನು ತಡೆಯುವ ಒಂದು ಗಾಜನ್ನು ಕೂರಿಸಿರುತ್ತಾರೆ. ಹಳೆಯ ಕೆಲವು ಕ್ಯಾಮೆರಾಗಳಲ್ಲಿ ಈ ಪಹರೆ ಸ್ವಲ್ಪ ಸಡಿಲ. ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮನೆಯಲ್ಲಿಯೇ ಮಾಡಿನೋಡಬಹುದು. ಟೆಲಿವಿಜನ್ನಿನ ರಿಮೋಟನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಒಂದು ಮಿಣುಕು ಬೆಳಕು ಅನೇಕ ಮೊಬೈಲುಗಳ ಪರದೆಯ ಮೇಲೆ ಕಾಣಿಸುತ್ತದೆ. ಅದೇ ಅವಗೆಂಪು.

ನನ್ನ ಕ್ಯಾಮೆರಾ ಇಪ್ಪತ್ತು ವರ್ಷದ್ದು. ಮಾರಿದರೆ ಯಾರೂ ಕೊಳ್ಳರು. ಅದರ ಮಸೂರದ ಮುಂದೆ 720 ನ್ಯಾನೊಮೀಟರಿನ ಒಂದು ಶೋಧಕವನ್ನು ತಿರುಪಿದೆ. ನೋಡುವುದಕ್ಕೆ ಅದು ಕಪ್ಪು ಗಾಜು. ಬೇಸಿಗೆಯ ಸೂರ್ಯನನ್ನೂ ನಂದಿಸುವಂತಹುದು. ಕಾಣುವ ಬೆಳಕನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸಿ ಅವಗೆಂಪನ್ನಷ್ಟೆ ಒಳಗೆ ಬಿಡುವುದು ಅದರ ಕೆಲಸ. ಹೊರಗೆ ಒಂದು ಪಹರೆ, ಒಳಗೆ ಒಂದು ಪಹರೆ. ಎರಡನ್ನೂ ನುಸುಳಿ ಬರುವ ಬೆಳಕು ಅತ್ಯಲ್ಪ. ಆದ್ದರಿಂದ ಒಂದೊಂದು ಚಿತ್ರಕ್ಕೂ ಹದಿನೈದು ಸೆಕೆಂಡು ಕಣ್ಣು ತೆರೆದಿರಬೇಕು. ಟ್ರೈಪಾಡನ್ನು ನೆಲಕ್ಕೂರಿ, ಶೋಧಕ ಹಾಕುವ ಮೊದಲೇ ಚೌಕಟ್ಟನ್ನು ನೋಡಿ ಹೊಂದಿಸಿಕೊಂಡು, ಅವಗೆಂಪು ಮಸೂರದಲ್ಲಿ ಬೇರೆ ಕಡೆ ಕೂಡುವುದರಿಂದ ನಾಭಿಯನ್ನು ತುಸು ತಿದ್ದಿ, ಗುಂಡಿ ಒತ್ತಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಹದಿನೈದು ಸೆಕೆಂಡು ದೊಡ್ಡ ಹೊತ್ತಲ್ಲವೆನ್ನುವವರು ಗಾಳಿಗೆ ತೂಗುವ ಜೋಳದ ಹೊಲದ ಮುಂದೆ ನಿಂತು ನೋಡಬೇಕು. ತೆನೆಗಳೆಲ್ಲ ಬಿಳಿಯ ಹೊಗೆಯಾಗಿ ಮೂಡುತ್ತವೆ. ಅಡ್ಡ ಹಾಯುವ ದನ, ಬಂಡಿ, ಮನುಷ್ಯರು ಗುರುತೇ ಉಳಿಯದಂತೆ ಮಾಯವಾಗುತ್ತಾರೆ. ನಿಂತದ್ದಕ್ಕೆ ಮಾತ್ರ ಈ ಚಿತ್ರದಲ್ಲಿ ಠಾವು.

ಊರ ಸುತ್ತ

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೊರಟೆ. ಬಸ್ ನಿಲ್ದಾಣದ ಗದ್ದಲದಲ್ಲಿ ಎಳ್ಳು, ಬೆಲ್ಲ, ಶೇಂಗಾ ಕೊಳ್ಳುವವರ ಸಂತೆ ನೆರೆದಿತ್ತು. ಅಲ್ಲಿಂದ ಕೆರೆಯ ಕಡೆಗೆ ನಡೆದೆ. ಹದಿನೈದು ಸೆಕೆಂಡಿನ ನಂತರ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮೂಡಿದ್ದು: ಕಪ್ಪು ನೀರು, ಕಪ್ಪು ಆಕಾಶ, ನಡುವೆ ಬೆಳ್ಳಿಯ ಸರಿಗೆಯಂತೆ ದಂಡೆಯ ಗಿಡಗಳು. ಮನಸ್ಸು ಹಿಗ್ಗಿತು. ಹತ್ತಿರ ಹೋಗಿ ನೋಡಿದರೆ, ಅಷ್ಟು ಚೆಲುವಾಗಿ ಬೆಳಗಿದ್ದು ಬಳ್ಳಾರಿ ಜಾಲಿ! ಹೊಲವನ್ನೂ ಕೆರೆಯ ಅಂಗಳವನ್ನೂ ನುಂಗುವ, ರೈತ ಶಪಿಸಿ ಕಡಿದಷ್ಟೂ ಚಿಗುರುವ ಮುಳ್ಳುಜಾಲಿ. ಅವಗೆಂಪಿಗೆ ಜೋಳವೂ ಒಂದೇ, ಜಾಲಿಯೂ ಒಂದೇ. ಬದುಕಿದ ಎಲೆಯಾದರೆ ಸಾಕು, ಬೆಳಗಿಸಿಬಿಡುತ್ತದೆ. ಉಣ್ಣುವ ಹಸಿರು ಯಾವುದು, ಉಣ್ಣಗೊಡದ ಹಸಿರು ಯಾವುದು ಎಂಬುದನ್ನು ತಿಳಿಯುವುದಕ್ಕೆ ಬೇರೆ ಕಣ್ಣು ಬೇಕು.

ಮುಂದೆ ಹೊಲಗಳ ಹಾದಿ. ಕಡಲೆಯ ಹೊಲದಲ್ಲಿ ಕಾಲಿಟ್ಟರೆ ಧೋತರದ ಅಂಚಿಗೆ ಹುಳಿ ಹತ್ತುತ್ತದೆ. ಕಡಲೆಯ ಎಲೆಯ ಮೇಲೆ ಇಬ್ಬನಿಯೊಡನೆ ಬೆರೆತು ನಿಲ್ಲುವ ಆ ಹುಳಿಯನ್ನು ಹಿಂದೆ ಹೆಂಗಸರು ಬಟ್ಟೆ ಹಾಸಿ ಹಿಂಡಿ ತೆಗೆಯುತ್ತಿದ್ದರು. ಕಡಲೆ ಚಿತ್ರದಲ್ಲಿ ದಟ್ಟವಾಗಿ ಬೆಳಗಿತು. ಕೊಯ್ಲಿಗೆ ಬಂದ ತೊಗರಿ ಬೂದಿಯ ಬಣ್ಣಕ್ಕಿಳಿದಿತ್ತು, ಏಕೆಂದರೆ ಅದರ ಎಲೆ ಒಣಗಿ ಉದುರತೊಡಗಿತ್ತು. ಕಾಲುವೆಯ ನೀರು ಮುಟ್ಟಿದ ಕಡೆಯ ಕಬ್ಬು ಬಿಳಿಯ ಗೋಡೆಯಂತೆ ನಿಂತಿತ್ತು. ಒಂದು ಹೊಲದಲ್ಲಿ ಬೆಳೆ ಚೆನ್ನಾಗಿದೆಯೆಂದು ಕಣ್ಣು ಹೇಳಿತು. ಚಿತ್ರದಲ್ಲಿ ನಡುವೆ ಒಂದು ಮಾಸಲು ಕಲೆ ಬಿದ್ದಿತ್ತು. ಹೋಗಿ ನೋಡಿದರೆ ಅಲ್ಲಿ ಮಣ್ಣು ತೆಳುವಾಗಿ ಕೆಳಗಿನ ಗರಸು ಮೇಲೆದ್ದಿದೆ, ಜೋಳ ಸೊರಗಿದೆ. ಹೊಲದೊಡೆಯನಿಗೆ ಅದನ್ನು ತೋರಿಸಿದೆ. ಆತ ನಕ್ಕು, "ಅಲ್ಲಿ ನಮ್ಮಪ್ಪನ ಕಾಲದಿಂದ ಹಂಗ ಅದರಿ" ಎಂದ. ನನ್ನ ಕಪ್ಪು ಗಾಜು ಹದಿನೈದು ಸೆಕೆಂಡಿನಲ್ಲಿ ಕಂಡುದನ್ನು ಅವನ ಕಾಲುಗಳು ನಲವತ್ತು ವರ್ಷದಿಂದ ಬಲ್ಲವು.

ಆಕಾಶದಲ್ಲಿ ಕೂತ ಕಣ್ಣು

ಇದು ಬರಿಯ ಹವ್ಯಾಸಿಗಳ ವಿನೋದವೆಂದು ವಾಚಕರು ಭಾವಿಸಬಾರದು. ಎರಡನೆಯ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದು ಮರೆಮಾಡಿದ ಫಿರಂಗಿಗಳನ್ನು ನಿಜವಾದ ಹಸಿರಿನಿಂದ ಬೇರ್ಪಡಿಸಲು ಅವಗೆಂಪು ಫಿಲ್ಮನ್ನು ಬಳಸಿದರು. ಕೊಂದು ಕಾದುವುದಕ್ಕೆ ಹುಟ್ಟಿದ ಉಪಾಯ ಮುಂದೆ ಬೆಳೆ ಕಾಯುವುದಕ್ಕೆ ಬಂದಿತು. ಭಾರತದಲ್ಲಿ 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಗೆಂಪು ಚಿತ್ರಗಳನ್ನು ತೆಗೆಸಿ, ಬೇರುರೋಗ ತಗಲಿದ ಮರಗಳನ್ನು ಗುರುತಿಸುವ ಪ್ರಯೋಗ ನಡೆಸಿದರು. ಎಲೆ ಸೊರಗಿದಂತೆ ಅದರೊಳಗಿನ ಕೋಶಗಳ ರಚನೆ ಕುಸಿದು, ಅವಗೆಂಪನ್ನು ಮರಳಿಸುವ ಶಕ್ತಿ ಕುಂದುತ್ತದೆ ಎಂಬುದೇ ಅದರ ಆಧಾರ. ನಮ್ಮ ದೇಶದ ದೂರಸಂವೇದಿ ವಿಜ್ಞಾನ ಆರಂಭವಾದದ್ದು ಹೀಗೆ, ತೆಂಗಿನ ಮರದ ನೆತ್ತಿಯಿಂದ.

ಮುಂದಿನ ಹೆಜ್ಜೆಯನ್ನಿಟ್ಟದ್ದು ಬೆಂಗಳೂರಿನಲ್ಲಿ. ಅಲ್ಲಿ ಕಟ್ಟಿದ ಭಾಸ್ಕರ ಉಪಗ್ರಹ 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಮೇಲೇರಿತು. ಅದರ ತಮ್ಮ ಎರಡನೆಯ ಭಾಸ್ಕರ 1981ರ ನವೆಂಬರ 20ರಂದು. ಅವುಗಳ ಟೆಲಿವಿಜನ್ ಕ್ಯಾಮೆರಾಗಳು ಎರಡು. ಒಂದು ಕಾಣುವ ಬೆಳಕಿಗೆ, ಇನ್ನೊಂದು ಅವಗೆಂಪಿಗೆ. ಹೆಸರು ನಮ್ಮ ಪ್ರಾಚೀನ ಗಣಿತಜ್ಞರದು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎಂದು ಹಲವರು, ಮಹಾರಾಷ್ಟ್ರದಲ್ಲಿದೆಯೆಂದು ಕೆಲವರು. ವಿದ್ವಾಂಸರ ವಾದ ಮುಗಿದಿಲ್ಲ. ನಮ್ಮ ಜಿಲ್ಲೆಯವರಂತೂ ಆ ಹೆಸರು ಆಕಾಶದಲ್ಲಿ ತಿರುಗಿದಾಗ ಮನೆಯ ಮಗನೇ ಹೋದನೆಂಬಷ್ಟು ಹಿಗ್ಗಲು ಅಡ್ಡಿಯಿಲ್ಲ. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಎಂಬ 975 ಕಿಲೋಗ್ರಾಂ ತೂಕದ ಉಪಗ್ರಹ 904 ಕಿಲೋಮೀಟರ್ ಎತ್ತರದಲ್ಲಿ ನಿಂತು, 22 ದಿನಕ್ಕೊಮ್ಮೆ ಅದೇ ನೆಲವನ್ನು ಮರಳಿ ನೋಡತೊಡಗಿತು.

ಅದು ನೋಡುವ ಬಗೆ ಸರಳವಾದದ್ದು. ಬದುಕಿದ ಎಲೆ ಕೆಂಪನ್ನು ನುಂಗುತ್ತದೆ, ಅವಗೆಂಪನ್ನು ಮರಳಿಸುತ್ತದೆ. ಆದುದರಿಂದ ಅವಗೆಂಪಿನಿಂದ ಕೆಂಪನ್ನು ಕಳೆದು, ಬಂದ ಶೇಷವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ದಟ್ಟವಾದ ಬೆಳೆಗೆ ಅದು 0.6, 0.7ರವರೆಗೆ ಏರುತ್ತದೆ, ಬರಿನೆಲಕ್ಕೆ 0.1, 0.2ರ ಆಸುಪಾಸು; ನೀರಿಗೆ ಸೊನ್ನೆಗಿಂತಲೂ ಕೆಳಗೆ. ಈ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯುತ್ತದೆಂಬುದನ್ನು ಹಿಡಿದು ಬರಗಾಲದ ಅಂದಾಜು ಮಾಡುವ ರಾಷ್ಟ್ರೀಯ ವ್ಯವಸ್ಥೆ 1989ರಿಂದ ನಡೆದು ಬಂದಿದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ನಮ್ಮ ಜಿಲ್ಲೆಯ ಊರೂರುಗಳೇ ಬರಿದಾದುವು. ಅಂದು ಸುದ್ದಿ ಸರಕಾರದ ಕಿವಿಗೆ ಮುಟ್ಟುವಷ್ಟರಲ್ಲಿ ಹೊಟ್ಟೆಗಳು ಬೆನ್ನಿಗೆ ಹತ್ತಿರುತ್ತಿದ್ದವು. ಇಂದು ಬೆಳೆ ಬಾಡುವುದನ್ನು ಆಕಾಶದ ಕಣ್ಣು ಆಗಲೇ ಬರೆದಿಡುತ್ತದೆ. ಬರೆದದ್ದನ್ನು ಓದಿ ಕೈನೀಡುವುದು ಮಾತ್ರ ಇಂದಿಗೂ ಮನುಷ್ಯರ ಕೆಲಸ.

ಸಾಹಿತ್ಯದ ಓದುಗರಿಗೂ ಈ ಬೆಳಕಿನಿಂದ ಲಾಭವುಂಟು. ಕಂಟದಿಂದ ಕೊರೆದು ಮಸಿ ತೀಡಿದ ತಾಡವೋಲೆ ಕಾಲಾಂತರದಲ್ಲಿ ಕಂದಿ, ಗರಿಯೂ ಅಕ್ಷರವೂ ಒಂದೇ ಬಣ್ಣವಾಗುತ್ತವೆ. ಅವಗೆಂಪಿನಲ್ಲಿ ಕಂದಿದ ಗರಿ ತಿಳಿಯಾಗುತ್ತದೆ. ಇದ್ದಿಲಿನ ಮಸಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ, ಅಕ್ಷರ ಎದ್ದು ಬರುತ್ತದೆ. ವಿಜಯಪುರದಲ್ಲಿ ಕುಳಿತು ಹಳ್ಳಿಹಳ್ಳಿಯ ಮನೆ ಮಠಗಳಿಂದ ವಚನಗಳ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ. ಗು. ಹಳಕಟ್ಟಿಯವರಿಗೆ ಇಂತಹ ಯಾವ ಬೆಳಕೂ ಇರಲಿಲ್ಲ. ಅವರು ಬರಿಗಣ್ಣಿನಿಂದಲೇ ಓದಿದರು.

ಕಪ್ಪು ಚೌಕ

ಈಗ ಆ ಚಿತ್ರದ ಮಾತು. ಹಬ್ಬದ ದಿನ ಬೆಳಿಗ್ಗೆ ಕಾಕಾನವರ ಹೊಲಕ್ಕೆ ಚರಗ ಚೆಲ್ಲಲು ಹೋದೆವು. ನಾನು ಊರಿಗೆ ಬಂದುದು ಹಬ್ಬಕ್ಕೆಂದು ಮನೆಯಲ್ಲಿ ಎಲ್ಲರ ತಿಳಿವಳಿಕೆ. ನಿಜವಾದ ಕಾರಣ ಬೇರೆಯಿತ್ತು. ಕಾಕಾನವರ ಹೊಲಕ್ಕೆ ಹೊಂದಿ ನನ್ನ ಪಾಲಿಗೆ ಬಂದ ನಾಲ್ಕೂವರೆ ಎಕರೆಯಿದೆ. ಪಾಲಿಗೆ ಮಾಡುತ್ತಿದ್ದವರು ಸಂಸಾರ ಸಮೇತ ಗೋವೆಗೆ ದುಡಿಯಲು ಹೋದರು. ಈ ವರ್ಷ ಬಿತ್ತಿಗೆಯಾಗಲಿಲ್ಲ. ಊರು ಆ ಕಡೆಗೇ ಬೆಳೆಯುತ್ತಿದೆ. ಪ್ಲಾಟು ಹಾಕುವವರು ಕೇಳಿದ್ದರು, ಬೆಲೆಯೂ ಕೂಡಿಬಂದಿತ್ತು. ಹಬ್ಬ ಮುಗಿದ ಮರುದಿನ ಕಾಗದಕ್ಕೆ ರುಜು ಹಾಕುವುದೆಂದು ಮಾತಾಗಿತ್ತು. ಕಾಕಾನವರಿಗೆ ಅದನ್ನು ಹೇಳುವ ಧೈರ್ಯವೇ ನನಗಾಗಿರಲಿಲ್ಲ.

ಒಡ್ಡಿನ ಮೇಲೆ ಟ್ರೈಪಾಡು ಹೂಡಿ ನಿಂತೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಬುಟ್ಟಿಯಲ್ಲಿ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಯ ಪಲ್ಯ, ಕಾಳಿನ ಉಸುಳಿ ಎಲ್ಲವನ್ನೂ ಕಲೆಸುತ್ತಿದ್ದ ಕಾಕಾ ತಲೆಯೆತ್ತಿ ಕೇಳಿದರು.

"ಏನ ತಮ್ಮಾ, ಒಂದು ಫೋಟೋ ತಗ್ಯಾಕ ಇಷ್ಟ ಹೊತ್ತ ಬೇಕೇನು? ನಮ್ಮ ಹುಡುಗರು ಮೊಬೈಲನ್ಯಾಗ ಚಿಟಿಕಿ ಹೊಡ್ಯೂದ್ರಾಗ ತಗೀತಾವ."

"ಇದು ಬ್ಯಾರೆ ಬೆಳಕರಿ ಕಾಕಾ. ನಮ್ಮ ಕಣ್ಣಿಗೆ ಕಾಣೂದಿಲ್ಲ."

"ಕಾಣಲಾರದ್ದು ಇರಲಿ. ಕಾಣೂದನ್ನ ಮೊದಲ ನೋಡ್ತಿಯೇನು?"

ಅಷ್ಟೇ ಮಾತು. ನಾನು ತಲೆ ತಗ್ಗಿಸಿ ಪರದೆಯನ್ನು ನೋಡಿದೆ. ಎಲ್ಲರ ಹೊಲಗಳೂ ಬೆಳ್ಳಗೆ ಬೆಳಗುತ್ತಿದ್ದುವು. ನಡುವೆ ನನ್ನ ನಾಲ್ಕೂವರೆ ಎಕರೆ, ಬಿತ್ತದೆ ಬಿಟ್ಟ ಎರೆಯ ಮಣ್ಣು, ಬಾವಿಯ ಬಾಯಿಯಂತೆ ಕಪ್ಪಾಗಿ ಬಿದ್ದಿತ್ತು. ಬರಿಗಣ್ಣಿಗೆ ಅದು ಅಷ್ಟು ಕಂಡಿರಲಿಲ್ಲ. ಹಸಿರಿನ ಪಕ್ಕದಲ್ಲಿ ಕಂದು ನೆಲ. ನೋಡಿ ರೂಢಿಯಾದ ಕಣ್ಣು ಅದನ್ನು ದಾಟಿ ಹೋಗುತ್ತದೆ. ದಾಟಿಹೋಗಲೆಂದೇ ನಾನೂ ಬಯಸಿದ್ದೆನೆಂದು ಕಾಣುತ್ತದೆ.

ಕಾಕಾ ತಮ್ಮ ಹೊಲದಲ್ಲಿ ಚರಗ ಚೆಲ್ಲುತ್ತ ಒಂದು ಸುತ್ತು ಬಂದರು. ಬದುವಿನ ಬಳಿ ಬಂದು ನಿಲ್ಲುವರೆಂದುಕೊಂಡೆ. ಅವರು ನಿಲ್ಲಲಿಲ್ಲ. ಬದು ದಾಟಿ, ಬುಟ್ಟಿಯನ್ನು ಸೊಂಟಕ್ಕಾನಿಸಿ, ನನ್ನ ಬೀಳು ಹೊಲದೊಳಗೆ ನಡೆದು, ಹೆಂಟೆಗಳ ಮೇಲೆ ಹಿಡಿಹಿಡಿಯಾಗಿ ಎಡೆಯನ್ನು ಎರಚತೊಡಗಿದರು.

"ಕಾಕಾ, ಅಲ್ಲಿ ಬೆಳಿ ಇಲ್ಲಲ್ರಿ" ಎಂದೆ.

"ನೀ ಬಿತ್ತಲಿಲ್ಲ ಖರೆ. ಭೂಮಿತಾಯಿ ಹಸದಿಲ್ಲೇನು?" ಎಂದು ಹಿಂದಿರುಗಿ ನೋಡದೆ ಹೇಳಿದರು.

ಏನು ಮಾಡಬೇಕೆಂದು ತೋಚದೆ ಗುಂಡಿಯನ್ನು ಒತ್ತಿದೆ. ಹದಿನೈದು ಸೆಕೆಂಡು. ಅಷ್ಟರಲ್ಲಿ ಅವರು ಹೊಲದ ಈ ಬದಿಯಿಂದ ನಡುವಿನವರೆಗೆ ನಡೆದಿದ್ದರು.

ಮೇಜಿನ ಮೇಲಿರುವುದು ಆ ಚಿತ್ರ. ಅದರಲ್ಲಿ ಕಾಕಾ ಇಲ್ಲ. ನಡೆಯುವವರನ್ನು ಹಿಡಿಯುವ ಶಕ್ತಿ ಆ ಬೆಳಕಿಗೂ ಆ ಕ್ಯಾಮೆರಾಕ್ಕೂ ಇಲ್ಲವೆಂದು ಮೊದಲೇ ಹೇಳಿದೆನಷ್ಟೆ. ಬಹಳ ಹುಡುಕಿದರೆ ಒಂದು ಕಡೆ, ಅವರು ಕೈ ಬೀಸಿ ಕ್ಷಣ ನಿಂತಿರಬಹುದಾದಲ್ಲಿ, ಕಪ್ಪಿನ ಮೇಲೆ ಉಗುರಿನ ಕಣ್ಣಿನಷ್ಟು ಒಂದು ಮಬ್ಬು ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ಗಾಜಿನ ಮೇಲಿನ ಧೂಳೆಂದಾರು. ನನ್ನ ಸಹೋದ್ಯೋಗಿಗಳು ಹಾಗೆಯೇ ಅಂದರು.

ಮರುದಿನ ನಾನು ರುಜು ಹಾಕಲಿಲ್ಲ. ಇದರಿಂದ ದೊಡ್ಡ ಪುರುಷಾರ್ಥವಾಯಿತೆಂದು ಹೇಳಲಾರೆ. ಪ್ಲಾಟು ಹಾಕುವವರು ಇನ್ನೂ ಕೇಳುತ್ತಿದ್ದಾರೆ. ದೂರದ ಊರಿನಲ್ಲಿ ಕುಳಿತು ಹೊಲ ಮಾಡಿಸುವ ಕಷ್ಟವೂ ಹಾಗೆಯೇ ಇದೆ. ಹೊರಡುವ ಮುನ್ನ, "ಮುಂದಿನ ಹಿಂಗಾರಿಗೆ ನೀವೇ ಬಿತ್ತಸ್ರಿ ಕಾಕಾ, ಬೀಜದ ರೊಕ್ಕ ನಾ ಕಳಸ್ತೀನಿ" ಎಂದಷ್ಟೆ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಉಳಿದ ಎಳ್ಳಿನ ರೊಟ್ಟಿಗಳನ್ನು ಗಂಟು ಕಟ್ಟಿ ಕೈಗೆ ಕೊಟ್ಟು, ಬಸ್ಸು ತಪ್ಪುತ್ತದೆ ಹೊರಡು ಎಂದರು.

ಬರುವ ಎಳ್ಳ ಅಮಾವಾಸ್ಯೆಗೆ ಮತ್ತೆ ಹೋಗಬೇಕೆಂದಿದ್ದೇನೆ. ಅದೇ ಒಡ್ಡಿನ ಮೇಲೆ ನಿಂತು ಅದೇ ಚೌಕಟ್ಟನ್ನು ಹಿಡಿಯಬೇಕು. ಆ ಚೌಕ ಬೆಳ್ಳಗಾಗಿದೆಯೋ ಕಪ್ಪಾಗಿಯೇ ಇದೆಯೋ ಎಂಬುದನ್ನು ನೋಡುವುದಕ್ಕೆ ಅಂದು ಶೋಧಕದ ಅವಶ್ಯಕತೆಯಿರುವುದಿಲ್ಲ.